ಕಿರುಬೆರಳಿನ ಹೊರೆ, ಹೆಬ್ಬೆರಳಿನ ಬಿಡುವು

ಕನ್ನಡದಲ್ಲಿ ದಿನವಿಡೀ ಟೈಪ್ ಮಾಡುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಅವರ ಎಡಗೈಯನ್ನು ಮಾತ್ರ ನೋಡಿ. ಕಿರುಬೆರಳು ಪದೇ ಪದೇ ಕೆಳಮೂಲೆಗೆ ಚಾಚಿಕೊಂಡು ಶಿಫ್ಟ್ ಕೀಯನ್ನು ಅದುಮಿ ಹಿಡಿಯುತ್ತದೆ. ಜೊತೆಗೆ ಮಣಿಕಟ್ಟೂ ಹೊರಕ್ಕೆ ವಾಲುತ್ತದೆ. ಬೆರಳು ತನ್ನ ಜಾಗಕ್ಕೆ ಮರಳುವಷ್ಟರಲ್ಲಿ ಇನ್ನೊಂದು ದೀರ್ಘವೋ ಇನ್ನೊಂದು ಳಕಾರವೋ ಬಂದಿರುತ್ತದೆ. ಪತ್ರಿಕೆಯ ಡೆಸ್ಕಿನಲ್ಲಿ, ಡಿಟಿಪಿ ಅಂಗಡಿಯಲ್ಲಿ, ಕೋರ್ಟಿನ ಬೆರಳಚ್ಚು ವಿಭಾಗದಲ್ಲಿ ನಾನು ಕಂಡದ್ದು ಇದನ್ನೇ. ಕೈಯಲ್ಲಿ ಎಲ್ಲಕ್ಕಿಂತ ಸಣ್ಣದಾದ ಬೆರಳಿಗೆ ಎಲ್ಲಕ್ಕಿಂತ ದೂರದ ಕೆಲಸ. ಗಟ್ಟಿಮುಟ್ಟಾದ ಎರಡು ಹೆಬ್ಬೆರಳುಗಳಿಗೆ ಮಾತ್ರ ಸ್ಪೇಸ್ ಬಾರ್ ತಟ್ಟುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಈ ಹಂಚಿಕೆ ಸರಿಯಲ್ಲ, ಇದನ್ನು ಬದಲಿಸಿಕೊಳ್ಳುವುದು ಕಷ್ಟವೂ ಅಲ್ಲ. ಕಲಿತ ಅಕ್ಷರಗಳನ್ನೆಲ್ಲ ಕಿತ್ತು ಬೇರೆಡೆ ಜೋಡಿಸಬೇಕಾಗಿಲ್ಲ. ಹೊರೆ ಎಲ್ಲಿದೆ ಎಂದು ಮೊದಲು ಲೆಕ್ಕ ಹಾಕಿ, ಆ ಹೊರೆಯನ್ನಷ್ಟೇ ಹೆಬ್ಬೆರಳಿಗೆ ದಾಟಿಸಿದರೆ ಸಾಕು.

ಒಂದು ಸಾದಾ ವಾಕ್ಯ ತೆಗೆದುಕೊಳ್ಳೋಣ: ‘ನಾಳೆ ಬೆಳಗ್ಗೆ ಊರಿಗೆ ಹೋಗೋಣ.’ ನುಡಿ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಕೆ.ಪಿ. ರಾವ್ ಕೀಲಿಮಣೆಯಲ್ಲಿ ಇದಕ್ಕೆ ಸ್ಪೇಸ್ ಬಿಟ್ಟು 21 ಅಕ್ಷರದ ಕೀಗಳನ್ನು ಒತ್ತಬೇಕು. ನಾಳೆ ಎಂಬುದಕ್ಕೆ ನಾಲ್ಕು, ಬೆಳಗ್ಗೆಗೆ ಏಳು, ಊರಿಗೆ ಮತ್ತು ಹೋಗೋಣಕ್ಕೆ ಐದೈದು. ಇವುಗಳಲ್ಲಿ ಶಿಫ್ಟ್ ಬೇಕಾಗುವುದು ಎಷ್ಟಕ್ಕೆ? ‘ನಾ’ದ ದೀರ್ಘಕ್ಕೆ ಒಮ್ಮೆ, ಎರಡು ಕಡೆ ಬರುವ ಳಕಾರಕ್ಕೆ ಎರಡು ಸಲ, ಊಕಾರಕ್ಕೆ ಒಮ್ಮೆ, ‘ಹೋ’ ಮತ್ತು ‘ಗೋ’ಗಳಿಗೆ ಎರಡು ಸಲ, ಣಕಾರಕ್ಕೆ ಒಮ್ಮೆ. ಒಟ್ಟು ಏಳು. ಅಂದರೆ ಪ್ರತಿ ಮೂರು ಕೀಗಳಿಗೆ ಒಂದು ಶಿಫ್ಟ್. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೋ ಹೆಸರಿನ ಮೊದಲಿಗೋ ಬರುವ ಶಿಫ್ಟ್ ನಮ್ಮಲ್ಲಿ ಪದದ ಹೊಟ್ಟೆಯೊಳಗೇ ಕೂತಿದೆ.

ಇನ್ನೂ ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಳ, ಣ, ಊ, ಓ ಮೂಡುವ ಕೀಗಳು ಎಲ್ಲವೂ ಬಲಗೈಯ ಕಡೆ ಇವೆ. ಅನುಸ್ವಾರವೂ ಈಕಾರವೂ ಅಲ್ಲೇ. ಬಲಗೈ ಅಕ್ಷರ ಒತ್ತುವಾಗ ಶಿಫ್ಟ್ ಹಿಡಿಯಬೇಕಾದದ್ದು ಎಡಗೈ. ಹಾಗಾಗಿ ಮೇಲಿನ ಏಳು ಶಿಫ್ಟುಗಳಲ್ಲಿ ಆರು ಎಡಗೈ ಕಿರುಬೆರಳಿನ ಪಾಲಿಗೆ ಬರುತ್ತವೆ. ಉಳಿದ ಒಂದು, ‘ನಾ’ದ ದೀರ್ಘ, ನಿಯಮದ ಪ್ರಕಾರ ಬಲ ಶಿಫ್ಟಿನಿಂದ ಬರಬೇಕು. ಆದರೆ ಬಹಳ ಮಂದಿ ಅದಕ್ಕೂ ಎಡ ಶಿಫ್ಟನ್ನೇ ಬಳಸುತ್ತಾರೆ. ಆಗ ಕಿರುಬೆರಳು ಶಿಫ್ಟಿನ ಮೇಲಿರುತ್ತದೆ, ಅದರ ಕೀಯನ್ನು ಒತ್ತಲು ಉಂಗುರಬೆರಳು ಪಕ್ಕಕ್ಕೆ ಸರಿಯುತ್ತದೆ, ಇಡೀ ಅಂಗೈ ತಿರುಚಿಕೊಳ್ಳುತ್ತದೆ.

ಒಂದು ವಾಕ್ಯ ಅಂಕಿಅಂಶವಲ್ಲ, ನಿಜ. ನಿಮ್ಮ ಬರಹದ ಲೆಕ್ಕವನ್ನು ನೀವೇ ಹಾಕಬೇಕು. ಅದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಶಿಫ್ಟಿನ ತೊಂದರೆ ನೋವಿಗೆ ಮಾತ್ರ ನಿಲ್ಲುವುದಿಲ್ಲ. ದಣಿದ ಕಿರುಬೆರಳು ಕ್ಷಣ ಮೊದಲೇ ಎದ್ದರೆ ‘ಹಳ್ಳಿ’ ‘ಹಲ್ಲಿ’ಯಾಗುತ್ತದೆ, ‘ಕಾಳು’ ‘ಕಾಲು’ ಆಗುತ್ತದೆ. ಇಂಥ ತಪ್ಪು ಅಚ್ಚಾದಾಗ ಟೈಪ್ ಮಾಡಿದವರಿಗೆ ಲಳ ವ್ಯತ್ಯಾಸ ಗೊತ್ತಿಲ್ಲ ಎಂದು ಓದುಗರು ಬೈಯುತ್ತಾರೆ. ಅವುಗಳಲ್ಲಿ ಎಷ್ಟೋ ತಪ್ಪುಗಳು ನಾಲಗೆಯವಲ್ಲ, ಬೆರಳಿನವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎರಡೂ ಅಕ್ಷರ ಒಂದೇ ಕೀಯಲ್ಲಿವೆ, ನಡುವೆ ಇರುವುದು ಒಂದು ಶಿಫ್ಟ್ ಮಾತ್ರ.

ಇಷ್ಟು ಹೇಳಿದ ಮಾತ್ರಕ್ಕೆ ಕೆ.ಪಿ. ರಾವ್ ವಿನ್ಯಾಸ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಮಂಗಳೂರು ಕಡೆಯ ಕಿನ್ನಿಕಂಬಳದ ಪದ್ಮನಾಭ ರಾಯರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಮುದ್ರಣ ಯಂತ್ರಗಳ ಮಾನೊಟೈಪ್ ಕಂಪನಿಯಲ್ಲಿ ದುಡಿದವರು. ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ, ಅದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಕನ್ನಡಕ್ಕೆ ಕೊಟ್ಟವರು. ಅವರ ಕೀಲಿಮಣೆಯ ಸೊಗಸು ಅದರ ಮಿತವ್ಯಯದಲ್ಲಿದೆ. ಇಂಗ್ಲಿಷಿನ 26 ಅಕ್ಷರದ ಕೀಗಳು ಬಿಟ್ಟು ಬೇರೊಂದು ಕೀ ಮುಟ್ಟದೆ ಇಡೀ ಕನ್ನಡ ಬರುತ್ತದೆ. ಸ್ವರದ ಕೀಯನ್ನು ಪದದ ಮೊದಲಲ್ಲಿ ಒತ್ತಿದರೆ ಪೂರ್ಣ ಸ್ವರ, ವ್ಯಂಜನದ ನಂತರ ಒತ್ತಿದರೆ ಅದೇ ಗುಣಿತದ ಚಿಹ್ನೆ. ಎಡ ತೋರುಬೆರಳಿನ ಕೆಳಗೇ ಇರುವ ‘ಎಫ್’ ಕೀಯಿಂದ ಒತ್ತಕ್ಷರ. ‘ಕನ್ನಡ’ ಎಂದು ಬರೆಯಲು ಐದೇ ಕೀ: ಕ, ನ, ಒತ್ತು, ನ, ಡ. ಇಷ್ಟು ಕಡಿಮೆ ಕೀಗಳಲ್ಲಿ ಇಷ್ಟು ದೊಡ್ಡ ಅಕ್ಷರಮಾಲೆಯನ್ನು ಹಿಡಿಸಬೇಕೆಂದರೆ ಪ್ರತಿ ಕೀಗೂ ಎರಡೆರಡು ಅಕ್ಷರ ಕೊಡಲೇಬೇಕು. ಶಿಫ್ಟ್ ಆ ಮಿತವ್ಯಯಕ್ಕೆ ತೆತ್ತ ಬೆಲೆ. ಆ ಬೆಲೆಯನ್ನು ಕಿರುಬೆರಳೇ ತೆರಬೇಕು ಎಂದು ಮಾತ್ರ ಕೆ.ಪಿ. ರಾವ್ ಹೇಳಿಲ್ಲ. ಅದು ಕೀಬೋರ್ಡ್ ತಯಾರಿಸಿದವರ ತೀರ್ಮಾನ.

ಕೀಬೋರ್ಡಿನ ಆ ರೂಪವೇ ಬಹಳ ಹಳೆಯದು. ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವರ ಜೊತೆಗಾರರು ಟೈಪ್‌ರೈಟರಿಗೆ 1868ರಲ್ಲಿ ಪೇಟೆಂಟ್ ಪಡೆದರು. 1874ರಲ್ಲಿ ರೆಮಿಂಗ್ಟನ್ ಅದನ್ನು ಮಾರುಕಟ್ಟೆಗೆ ತಂದಿತು. ಪ್ರತಿ ಕೀಯ ಕೆಳಗೂ ಒಂದು ಸಲಾಕೆ ಹಾದುಹೋಗಬೇಕಿತ್ತು. ಒಂದರ ಸಲಾಕೆ ಇನ್ನೊಂದಕ್ಕೆ ತಾಗದಿರಲೆಂದು ಸಾಲುಗಳನ್ನು ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿಸಿದರು. ಸಲಾಕೆಗಳು ಹೋಗಿ ಎಷ್ಟೋ ಕಾಲವಾದರೂ ನಮ್ಮ ಲ್ಯಾಪ್‌ಟಾಪಿನಲ್ಲಿ ಆ ಓರೆ ಹಾಗೇ ಇದೆ. ಕೀಯಿಂದ ಕೀಗೆ ಅಂತರ 19.05 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚು. ನಡುಸಾಲಿನಿಂದ ಮೇಲಿನ ಸಾಲು ಅದರ ಕಾಲು ಭಾಗದಷ್ಟು ಎಡಕ್ಕೆ, ಕೆಳಗಿನ ಸಾಲು ಅರ್ಧದಷ್ಟು ಬಲಕ್ಕೆ. ನಮ್ಮ ಎರಡು ಕೈಗಳು ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬದ ಹಾಗಿವೆ. ಕೀಗಳು ಮಾತ್ರ ಎರಡೂ ಕೈಗಳಿಗೆ ಒಂದೇ ದಿಕ್ಕಿಗೆ ವಾಲಿವೆ. ಬಲಗೈಗೆ ಆ ಓರೆ ಹೇಗೋ ಹೊಂದುತ್ತದೆ, ಎಡಗೈಗೆ ವಿರುದ್ಧ ಬೀಳುತ್ತದೆ. ಶಿಫ್ಟಿನ ಹೊರೆ ಹೊತ್ತ ಎಡಗೈಗೇ ಓರೆಯ ಕಾಟವೂ ಸೇರಿತು.

ಇಂಗ್ಲಿಷಿನವರು ಈ ಅಕ್ಷರ ಜೋಡಣೆಯನ್ನು ಸರಿಪಡಿಸಲು ಮಾಡಿದ ಪ್ರಯತ್ನಗಳು ಪ್ರಸಿದ್ಧ. ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಆಗಸ್ಟ್ ಡ್ವೊರಾಕ್ ತಮ್ಮ ಭಾವಮೈದುನ ವಿಲಿಯಂ ಡೀಲಿಯೊಂದಿಗೆ ಸೇರಿ ಮಾಡಿದ ವಿನ್ಯಾಸಕ್ಕೆ 1936ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಸ್ವರಗಳೆಲ್ಲ ಎಡಗೈಯ ನಡುಸಾಲಿನಲ್ಲಿ, ಹೆಚ್ಚು ಬರುವ ವ್ಯಂಜನಗಳು ಬಲಗೈಯಲ್ಲಿ. 2006ರಲ್ಲಿ ಬಂದ ಕೋಲ್‌ಮ್ಯಾಕ್ ಹಳೆಯ ಜೋಡಣೆಯ 17 ಕೀಗಳನ್ನು ಮಾತ್ರ ಕದಲಿಸಿ ಉಳಿದವನ್ನು ಹಾಗೇ ಬಿಟ್ಟಿತು. ಕನ್ನಡಿಗರು ಇವುಗಳಲ್ಲಿ ಒಂದನ್ನು ಹಾಕಿಕೊಂಡರೆ ಆರಾಮವಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇಂಗ್ಲಿಷ್ ಬರೆಯುವಾಗ ಆಗಬಹುದು. ಕನ್ನಡಕ್ಕೆ ಅದರಿಂದ ಏನೂ ಆಗದು, ಏಕೆಂದರೆ ಅವರು ಎಣಿಸಿದ್ದು ಇಂಗ್ಲಿಷ್ ಅಕ್ಷರಗಳನ್ನು. ನಮ್ಮ ಒತ್ತು, ನಮ್ಮ ದೀರ್ಘ, ನಮ್ಮ ಳಕಾರ ಅವರ ಎಣಿಕೆಯಲ್ಲಿ ಇಲ್ಲ. ಕೋಲ್‌ಮ್ಯಾಕಿನಿಂದ ಕಲಿಯಬೇಕಾದ ಪಾಠ ಬೇರೆ: ಕಡಿಮೆ ಕದಲಿಸು.

ಭಾರತದಲ್ಲೇ ಆದ ಪ್ರಯತ್ನ ಇನ್‌ಸ್ಕ್ರಿಪ್ಟ್. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ್ದು. ಸ್ವರಚಿಹ್ನೆಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ ಇದ್ದು, ಎರಡು ಕೈಗಳು ಒಂದಾದ ಮೇಲೊಂದು ನಡೆಯುತ್ತವೆ. ಅದರ ತಳಹದಿ ಬಹಳ ಚೆನ್ನಾಗಿದೆ. ಮೇಲಿನ ವಾಕ್ಯವನ್ನೇ ಇನ್‌ಸ್ಕ್ರಿಪ್ಟಿನಲ್ಲಿ ಬರೆದರೆ ಕೀಗಳು ಅಷ್ಟೇ 21, ಶಿಫ್ಟ್ ಏಳರಿಂದ ನಾಲ್ಕಕ್ಕೆ ಇಳಿಯುತ್ತದೆ. ಹಾಗಿದ್ದರೆ ಎಡಗೈ ಕಿರುಬೆರಳಿಗೆ ಬಿಡುಗಡೆ ಸಿಕ್ಕಿತೇ? ಇಲ್ಲ. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಜೋಡಣೆ ಇರಬೇಕು ಎಂಬುದು ಅದರ ನಿಯಮ. ಹಿಂದಿಗೆ ಏ ಮತ್ತು ಓ ದೀರ್ಘಗಳು ಮಾತ್ರ ಬೇಕು, ಹ್ರಸ್ವ ಎ ಮತ್ತು ಒ ಅಲ್ಲಿ ಇಲ್ಲ. ಹಾಗಾಗಿ ದೀರ್ಘಗಳಿಗೆ ನಡುಸಾಲಿನ ಒಳ್ಳೆಯ ಜಾಗ ಸಿಕ್ಕಿತು. ದಕ್ಷಿಣದ ಭಾಷೆಗಳಿಗೆ ಬೇಕಾದ ಹ್ರಸ್ವಗಳು ಉಳಿದ ಮೂಲೆಗಳಿಗೆ ಹೋದವು. ಎತ್ವದ ಚಿಹ್ನೆ ಎಡಗಡೆಯ ಕೆಳಮೂಲೆಯಲ್ಲಿದೆ, ಒತ್ವದ ಚಿಹ್ನೆ ಎಡಗಡೆಯ ಮೇಲ್ಮೂಲೆಯಲ್ಲಿ. ಎರಡೂ ಕಿರುಬೆರಳಿನವೇ. ಮನೆಗೆ, ಊರಿಗೆ, ಬೆಳಗ್ಗೆ, ಅವಳಿಗೆ, ಕೊಡೆ, ಬೆಲೆ: ಎತ್ವವಿಲ್ಲದೆ ಕನ್ನಡದ ಒಂದು ಸಾಲು ಮುಗಿಯುವುದಿಲ್ಲ. ನಮ್ಮ ವಾಕ್ಯದಲ್ಲೇ ಅದು ನಾಲ್ಕು ಸಲ ಬರುತ್ತದೆ. ‘ಹೋಗೋ’ದ ಎರಡು ಓತ್ವ, ಎರಡು ಳಕಾರಗಳ ಶಿಫ್ಟ್ ಸೇರಿ ಎಡ ಕಿರುಬೆರಳಿಗೆ ಎಂಟು ಏಟು. ತೀರ ಅಪರೂಪದ ಔತ್ವಕ್ಕೆ ಅಲ್ಲಿ ಎತ್ವಕ್ಕಿಂತ ಸುಲಭದ ಜಾಗವಿದೆ. ಒಂದು ಭಾಷೆಯ ಉಚ್ಚಾರಕ್ಕೆ ಅಳತೆ ತೆಗೆದು ಇನ್ನೊಂದಕ್ಕೆ ತೊಡಿಸಿದರೆ ಹೀಗಾಗುತ್ತದೆ. ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರು ಕನ್ನಡವನ್ನೇ ಎದುರಿಗಿಟ್ಟುಕೊಂಡು ಕೂತವರು. ಆ ದಾರಿ ನಮಗೆ ಹೊಸದಲ್ಲ.

ಹೆಬ್ಬೆರಳಿನ ವಿಚಾರಕ್ಕೆ ಬರೋಣ. ಪೂರ್ಣ ಅಳತೆಯ ಕೀಬೋರ್ಡಿನಲ್ಲಿ ಸ್ಪೇಸ್ ಬಾರ್ ಸುಮಾರು 12 ಸೆಂಟಿಮೀಟರ್ ಉದ್ದ. ಕೈಗಳು ಸಹಜವಾಗಿ ಕೂರುವ ಆ ಅಮೂಲ್ಯ ಜಾಗದಲ್ಲಿ ಒಂದೇ ಕೀ. ಕನ್ನಡದಲ್ಲಂತೂ ಅದಕ್ಕೆ ಇಂಗ್ಲಿಷಿಗಿಂತ ಕಡಿಮೆ ಕೆಲಸ, ಏಕೆಂದರೆ ನಾವು ಪ್ರತ್ಯಯಗಳನ್ನು ಪದಕ್ಕೇ ಅಂಟಿಸುತ್ತೇವೆ. ‘ಮಾಡಿಕೊಳ್ಳಬೇಕಾಗಿತ್ತು’ ಎಂದು ಬರೆಯಲು 19 ಕೀ, ಐದು ಶಿಫ್ಟ್. ನಡುವೆ ಒಂದೇ ಒಂದು ಸ್ಪೇಸ್ ಇಲ್ಲ. ಅಷ್ಟು ಹೊತ್ತೂ ಹೆಬ್ಬೆರಳು ಖಾಲಿ.

ಇದನ್ನು ಗಮನಿಸಿದವರು ಬೇರೆ ಕಡೆ ಇದ್ದರು. ಇಂಗ್ಲೆಂಡಿನಲ್ಲಿ ಟೈಪಿಂಗ್ ತರಬೇತಿ ಕೊಡುತ್ತಿದ್ದ ಲಿಲಿಯನ್ ಮಾಲ್ಟ್ ಮತ್ತು ಎಂಜಿನಿಯರ್ ಸ್ಟೀಫನ್ ಹಾಬ್ಡೆ 1970ರ ದಶಕದಲ್ಲಿ ಮಾಲ್ಟ್ರಾನ್ ಕೀಬೋರ್ಡ್ ಮಾಡಿದರು. ಬೆರಳುಗಳ ಉದ್ದಕ್ಕೆ ತಕ್ಕ ಹಾಗೆ ಬೋಗುಣಿಯಂತೆ ತಗ್ಗಿದ ಎರಡು ಭಾಗ, ಪ್ರತಿ ಹೆಬ್ಬೆರಳಿಗೂ ಕೀಗಳ ಒಂದು ಗುಂಪು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಅಕ್ಷರವನ್ನು ಮಾಲ್ಟ್ ಎಡ ಹೆಬ್ಬೆರಳಿಗೆ ಕೊಟ್ಟರು. ಜಪಾನಿನಲ್ಲಿ ಫುಜಿತ್ಸು ಕಂಪನಿ 1980ರಲ್ಲಿ ತಂದ ಓಯಸಿಸ್ 100 ಎಂಬ ವರ್ಡ್ ಪ್ರೊಸೆಸರಿನ ಕೀಲಿಮಣೆ ನನಗೆ ಇನ್ನೂ ಹತ್ತಿರದ್ದಾಗಿ ಕಾಣುತ್ತದೆ. ಅದನ್ನು ರೂಪಿಸಿದ ಯಾಸುನೋರಿ ಕಾಂಡಾ ಅವರ ಮುಂದಿದ್ದ ಸಮಸ್ಯೆ ನಮ್ಮದೇ. ಜಪಾನಿನ ಅಕ್ಷರಗಳು ಹೆಚ್ಚು, ಕೀಗಳು ಕಡಿಮೆ, ಒಂದೊಂದು ಕೀಗೂ ಎರಡೆರಡು ಅಕ್ಷರ ಕೊಡಬೇಕು. ಅವರು ಸ್ಪೇಸ್ ಬಾರ್ ಇರುವ ಜಾಗದಲ್ಲಿ ಎರಡು ಶಿಫ್ಟ್ ಕೀ ಇಟ್ಟು ಎರಡು ಹೆಬ್ಬೆರಳುಗಳಿಗೆ ವಹಿಸಿದರು. ಹೆಬ್ಬೆರಳು ಮತ್ತು ಅಕ್ಷರದ ಬೆರಳು ಒಟ್ಟಿಗೇ ಬೀಳುತ್ತವೆ, ಕೈ ಜಾಗ ಬಿಟ್ಟು ಕದಲುವುದೇ ಇಲ್ಲ. ಎರಡನೆಯ ಅಕ್ಷರ ಪದದೊಳಗೇ ಮೇಲಿಂದ ಮೇಲೆ ಬರುವ ಯಾವ ಭಾಷೆಗಾದರೂ ಇದು ಸರಿಯಾದ ಉತ್ತರ.

ನಮ್ಮ ನಮ್ಮ ವಿನ್ಯಾಸವನ್ನು ಹೇಗೆ ಮಾಡಿಕೊಳ್ಳುವುದು? ಮೊದಲು ಎಣಿಕೆ. ನೀವೇ ಬರೆದ ಯೂನಿಕೋಡ್ ಕಡತಗಳನ್ನು ಒಟ್ಟು ಮಾಡಿ. ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತು ಎಲ್ಲಕ್ಕೂ ಬೇರೆ ಬೇರೆ ಸಂಕೇತವಿರುವುದರಿಂದ ಯಾವುದು ಎಷ್ಟು ಸಲ ಬಂದಿದೆ, ಯಾವುದರ ಹಿಂದೆ ಯಾವುದು ಬಂದಿದೆ ಎಂದು ಹತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಹೇಳಿಬಿಡುತ್ತದೆ. ಬೇರೆಯವರ ಎಣಿಕೆ ನಂಬಬೇಡಿ. ತೀರ್ಪು ಬೆರಳಚ್ಚು ಮಾಡುವವರಿಗೆ ಪ್ರತಿವಾದಿ, ನ್ಯಾಯಾಲಯ, ಅರ್ಜಿದಾರ ಎಂದು ಒತ್ತಕ್ಷರ ಹೆಚ್ಚು. ಕತೆ ಬರೆಯುವವರಿಗೆ ಮಾತಿನ ಓಕಾರ, ಳಕಾರ ಹೆಚ್ಚು.

ಬರೀ ಎಷ್ಟು ಸಲ ಎಂಬುದು ಸಾಲದು, ಒಂದೇ ಬೆರಳು ಸತತವಾಗಿ ಎಷ್ಟು ಕೀ ಒತ್ತುತ್ತದೆ ಎಂದೂ ನೋಡಬೇಕು. ಬೆರಳು ದಣಿಯುವುದು ಅಲ್ಲಿಯೇ. ಕೆ.ಪಿ. ರಾವ್ ಜೋಡಣೆಯಲ್ಲಿ ಕ್ಕ, ನ್ನ, ಪ್ಪ, ಮ್ಮ, ಲ್ಲ ಬರೆಯುವುದು ಸುಖ. ವ್ಯಂಜನ ಬಲಗೈಯಲ್ಲಿ, ಒತ್ತು ಎಡಗೈಯಲ್ಲಿ. ತ್ತ, ಗ್ಗ, ಬ್ಬ, ವ್ವಗಳ ಕತೆ ಬೇರೆ. ಅವುಗಳ ಕೀಗಳೂ ಒತ್ತಿನ ಕೀಯೂ ಎಲ್ಲ ಎಡ ತೋರುಬೆರಳಿನವೇ. ‘ಬರುತ್ತದೆ’ ಎನ್ನುವಾಗ ಆ ಬೆರಳು ಮೇಲೆ, ಕೆಳಗೆ, ಮತ್ತೆ ಮೇಲೆ ಹಾರುತ್ತದೆ. ಹೋಗುತ್ತೇನೆ, ಮಾಡುತ್ತಾರೆ, ಇತ್ತು, ಮತ್ತೆ, ಹತ್ತಿರ. ವರ್ತಮಾನ ಕಾಲದ ಬಹುತೇಕ ಕ್ರಿಯಾಪದಗಳಲ್ಲಿ ಈ ತ್ತ ಇದೆ. ‘ಪ್ರ’ ಮತ್ತು ‘ತ್ರ’ಗಳಲ್ಲೂ ಒತ್ತಿನ ಹಿಂದೆಯೇ ಬರುವ ರಕಾರ ಅದೇ ಬೆರಳಿನದು.

ನಾನು ಮಾಡಿಕೊಂಡಿರುವ ಬದಲಾವಣೆ ಇವೆರಡು ಲೆಕ್ಕಗಳಿಂದ ಹುಟ್ಟಿದ್ದು. ಶಿಫ್ಟ್ ಎರಡೂ ಹೆಬ್ಬೆರಳುಗಳಿಗೆ ಬಂತು. ಒತ್ತು ಎಡ ಹೆಬ್ಬೆರಳಿಗೆ, ಸ್ಪೇಸ್ ಬಲ ಹೆಬ್ಬೆರಳಿಗೆ. ಈಗ ತ್ತ ಎನ್ನುವಾಗ ತೋರುಬೆರಳು ತಕಾರದ ಮೇಲೇ ಇರುತ್ತದೆ, ನಡುವೆ ಹೆಬ್ಬೆರಳು ಒಮ್ಮೆ ತಟ್ಟುತ್ತದೆ ಅಷ್ಟೆ. ಆಮೇಲೆ ಎಡ ಕಿರುಬೆರಳಿನ ಮನೆಯ ಕೀ, ಅಂದರೆ ಅಕಾರದ ಕೀ. ಪದದ ನಡುವೆ ಅಕಾರಕ್ಕೆ ಕೆಲಸವೇ ಇಲ್ಲ, ಕ ಒತ್ತಿದರೆ ಅದರೊಳಗೆ ಅ ಬಂದಾಗಿದೆ. ಆದರೆ ಅದೇ ಕೀಯ ಶಿಫ್ಟಿನಲ್ಲಿರುವ ದೀರ್ಘ ಎಲ್ಲೆಲ್ಲೂ ಬೇಕು. ಅವೆರಡನ್ನು ಅದಲುಬದಲು ಮಾಡಿದೆ. ಬರೀ ಕೀಗೆ ದೀರ್ಘ, ಹೆಬ್ಬೆರಳ ಶಿಫ್ಟ್ ಸೇರಿಸಿದರೆ ಅಕಾರ. ಬಲ ಕಿರುಬೆರಳಿನ ಕೆಳಗೆ ಇರುವುದು ಅರ್ಧವಿರಾಮದ ಚಿಹ್ನೆ. ನಡುಸಾಲಿನಲ್ಲಿ ಬೆರಳು ಸದಾ ಕೂರುವ ಜಾಗವನ್ನು, ಪುಟಕ್ಕೊಮ್ಮೆಯೂ ಬಾರದ ಚಿಹ್ನೆಗೆ ಬಿಟ್ಟುಕೊಡುವುದು ಏಕೆ? ಅಲ್ಲಿಗೆ ಳಕಾರ ಬಂತು.

ಒತ್ತು ಹೋಗಿ ಖಾಲಿಯಾದ ಎಡ ತೋರುಬೆರಳಿನ ಕೀಗೆ ಯಾವ ಅಕ್ಷರ? ಕೂಡಲೇ ಹೊಳೆಯುವುದು ಅನುಸ್ವಾರ, ಅದೂ ಶಿಫ್ಟ್ ಬೇಡುವ ಅಕ್ಷರವೇ. ಆದರೆ ಅನುಸ್ವಾರದ ಹಿಂದೆ ಏನು ಬರುತ್ತದೆ ನೋಡಿ: ಅಂತ, ಎಂಬ, ಸಂಗ, ತುಂಬ, ಸ್ವಂತ. ತ, ಬ, ಗ ಮೂರೂ ಅದೇ ಬೆರಳಿನವು. ಕಾಯಿಲೆ ವಾಪಸು ಬಂದ ಹಾಗಾಯಿತು. ಅಲ್ಲಿಗೆ ಹೊಂದಿದ್ದು ಣಕಾರ. ಹಣ್ಣು, ಅಣ್ಣ, ಮಣ್ಣು, ಹೋಗೋಣ, ಮಾಡೋಣ. ಅದರ ಅಕ್ಕಪಕ್ಕ ಹೆಚ್ಚಾಗಿ ಬೇರೆ ಬೆರಳಿನ ಅಕ್ಷರಗಳೇ ಬರುತ್ತವೆ. ಅನುಸ್ವಾರ ತನ್ನ ಜಾಗದಲ್ಲೇ ಹೆಬ್ಬೆರಳ ಶಿಫ್ಟಿನೊಂದಿಗೆ ಉಳಿಯಿತು.

ಇಷ್ಟೇ ಬದಲಾವಣೆ. ಉಳಿದ ಅಕ್ಷರಗಳೆಲ್ಲ ಕೈಗೆ ಗೊತ್ತಿರುವ ಜಾಗದಲ್ಲೇ ಇವೆ. ಈಗ ‘ನಾಳೆ ಬೆಳಗ್ಗೆ ಊರಿಗೆ ಹೋಗೋಣ’ ಎಂದು ಬರೆದರೆ ಏಳಿದ್ದ ಶಿಫ್ಟ್ ಮೂರಕ್ಕೆ ಇಳಿಯುತ್ತದೆ, ಆ ಮೂರೂ ಹೆಬ್ಬೆರಳಿನವು. ‘ಮಾಡಿಕೊಳ್ಳಬೇಕಾಗಿತ್ತು’ವಿನ ಐದು ಶಿಫ್ಟುಗಳಲ್ಲಿ ಉಳಿಯುವುದು ‘ಬೇ’ಯ ಒಂದೇ.

ಇದನ್ನು ಯಂತ್ರದಲ್ಲಿ ಕೂರಿಸುವುದಕ್ಕೆ ಕೀಬೋರ್ಡಿನೊಳಗಿನ ಪ್ರೋಗ್ರಾಂ ಬದಲಿಸಬೇಕು. ಕ್ಯುಎಂಕೆ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಇದೆ. ಕೀಬೋರ್ಡಿಗೆ ಕನ್ನಡ ಗೊತ್ತಿರಬೇಕಾಗಿಲ್ಲ ಎಂಬುದು ಇದರ ಸುಲಭ. ಅದು ಕಂಪ್ಯೂಟರಿಗೆ ಕಳಿಸುವುದು ಇಂಗ್ಲಿಷ್ ಕೀಯ ಸಂಕೇತವನ್ನೇ. ಅದನ್ನು ಕನ್ನಡ ಮಾಡುವುದು ನುಡಿ, ಅಥವಾ ಲಿನಕ್ಸಿನಲ್ಲಾದರೆ ಕೆಜಿಪಿ ಹೆಸರಿನ ಇನ್‌ಪುಟ್ ವಿಧಾನ. ಹಾಗಾಗಿ ‘ಈ ಕೀ ಒತ್ತಿದರೆ ಶಿಫ್ಟ್ ಸಮೇತ ಎಲ್ ಕಳಿಸು’ ಎಂದು ಬರೆದರೆ ಳಕಾರ ಸಿದ್ಧ. ಇಂಗ್ಲಿಷಿಗೆ ಒಂದು ಪದರ, ಕನ್ನಡಕ್ಕೆ ಒಂದು ಪದರ, ಅದಲುಬದಲಿಗೆ ಒಂದು ಕೀ.

ಯಾವ ಕೀಬೋರ್ಡ್? ಎರಡು ಹೋಳಾದದ್ದು ಒಳ್ಳೆಯದು. ಭುಜದಗಲಕ್ಕೆ ಎರಡು ಭಾಗ ಇಟ್ಟುಕೊಂಡರೆ ಮಣಿಕಟ್ಟು ವಾಲುವುದಿಲ್ಲ. ಟೈಪ್‌ರೈಟರನ್ನು ಹೀಗೆ ಸೀಳಬೇಕೆಂದು ಜರ್ಮನಿಯ ಕ್ಲಾಕನ್‌ಬರ್ಗ್ 1926ರಲ್ಲೇ ಬರೆದಿದ್ದರು. ಒಳಬದಿ ಎತ್ತರವಾಗಿ ಗುಡಾರದಂತೆ ನಿಲ್ಲಿಸಿದರೆ ಮುಂಗೈ ತಿರುಚುವುದೂ ತಪ್ಪುತ್ತದೆ. ಎರ್ಗೋಡಾಕ್ಸ್, ಕೋರ್ನೆ ಮುಂತಾದ ಮುಕ್ತ ವಿನ್ಯಾಸಗಳಲ್ಲಿ ಕೀಗಳು ಓರೆ ಸಾಲಿನ ಬದಲು ಬೆರಳಿನ ಉದ್ದಕ್ಕೆ ತಕ್ಕಂತೆ ನೇರ ಕಂಬಗಳಲ್ಲಿ ನಿಲ್ಲುತ್ತವೆ. ಕೋರ್ನೆಯಲ್ಲಿ ಒಟ್ಟು 42 ಕೀ, ಅದರಲ್ಲಿ ಆರು ಹೆಬ್ಬೆರಳುಗಳಿಗೆ. ಕನ್ನಡಕ್ಕೆ ಅಷ್ಟು ಧಾರಾಳ. ಬಿಡಿಭಾಗ ತಂದು ಬೆಸುಗೆ ಹಾಕಿಕೊಳ್ಳುವವರೂ ಇದ್ದಾರೆ, ಜೋಡಿಸಿದ್ದನ್ನೇ ಕೊಳ್ಳುವವರೂ ಇದ್ದಾರೆ. ಬೆಲೆ ಮಾತ್ರ ಸಾಮಾನ್ಯ ಕೀಬೋರ್ಡಿನ ಹಲವು ಪಟ್ಟು.

ಅಷ್ಟು ಖರ್ಚಿಲ್ಲದೆಯೂ ಅರ್ಧಕ್ಕಿಂತ ಹೆಚ್ಚು ಆರಾಮ ಸಿಗುತ್ತದೆ. ಕನಾಟಾ ಎಂಬ ಉಚಿತ ತಂತ್ರಾಂಶ ಇದೇ ಬದಲಾವಣೆಗಳನ್ನು ನಿಮ್ಮಲ್ಲಿರುವ ಮಾಮೂಲಿ ಕೀಬೋರ್ಡಿನಲ್ಲೇ ಮಾಡಿಕೊಡುತ್ತದೆ. ಸ್ಪೇಸ್ ಬಾರನ್ನು ತಟ್ಟಿದರೆ ಸ್ಪೇಸ್, ಒತ್ತಿ ಹಿಡಿದರೆ ಶಿಫ್ಟ್ ಎಂದು ಹೇಳಿಕೊಡಬಹುದು. ಜಪಾನಿನ ಪ್ರೋಗ್ರಾಮರುಗಳಲ್ಲಿ ಈ ಉಪಾಯ ಹಿಂದಿನಿಂದಲೂ ಬಳಕೆಯಲ್ಲಿದೆ. ಆ 12 ಸೆಂಟಿಮೀಟರ್ ಪೂರ್ತಿ ಶಿಫ್ಟ್ ಆಗಿಬಿಡುತ್ತದೆ. ಒಂದೇ ಎಚ್ಚರಿಕೆ: ಸ್ಪೇಸಿನಿಂದ ಹೆಬ್ಬೆರಳು ಏಳುವ ಮೊದಲೇ ಮುಂದಿನ ಅಕ್ಷರ ಒತ್ತಿದರೆ ಕಕಾರ ಖಕಾರವಾಗಿ ಬೀಳುತ್ತದೆ. ವೇಗದವರು ಮೊದಲಿಗೆ ಸ್ವಲ್ಪ ನಿಧಾನಿಸಬೇಕಾಗುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಬಿಡುವುದಿಲ್ಲವೇ? ವಿಂಡೋಸಿನಲ್ಲೇ ಸ್ಟಿಕಿ ಕೀಸ್ ಇದೆ. ಅದನ್ನು ಆನ್ ಮಾಡಿದರೆ ಶಿಫ್ಟನ್ನು ಹಿಡಿದಿರಬೇಕಾಗಿಲ್ಲ, ಒಮ್ಮೆ ಒತ್ತಿ ಬಿಟ್ಟು ಆಮೇಲೆ ಅಕ್ಷರ ಒತ್ತಬಹುದು. ದೂರ ಚಾಚುವುದು ತಪ್ಪದು, ಹಿಡಿದುಕೊಂಡು ತಿರುಚುವುದು ತಪ್ಪುತ್ತದೆ.

ಕ್ಯುಎಂಕೆಯಲ್ಲಿ ಇನ್ನೊಂದು ಸೌಲಭ್ಯವಿದೆ. ಕೀಯನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿದರೆ ಶಿಫ್ಟ್ ತಾನಾಗಿ ಸೇರಿಕೊಳ್ಳುತ್ತದೆ. ಆ ‘ಹೆಚ್ಚು ಹೊತ್ತು’ ಮಾಮೂಲಿಯಾಗಿ 175 ಮಿಲಿಸೆಕೆಂಡ್. ಕನ್ನಡಕ್ಕೆ ಇದು ಹೇಳಿ ಮಾಡಿಸಿದಂತಿದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಮಾತ್ರೆ ಎಂದು ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಬೇರೆ ವಿವರಣೆ ಬೇಡ. ಬಾಯಿ ಎಳೆಯುವಲ್ಲಿ ಬೆರಳೂ ಎಳೆಯುತ್ತದೆ. ನೋವಿರುವವರಿಗೆ, ಒಂದೇ ಕೈಯಲ್ಲಿ ಟೈಪ್ ಮಾಡಬೇಕಾದವರಿಗೆ ಇದು ದೊಡ್ಡ ಉಪಕಾರ. ಆದರೆ ದಿನಕ್ಕೆ ಹತ್ತಾರು ಪುಟ ಬರೆಯುವವರಿಗೆ ಪ್ರತಿ ದೀರ್ಘಕ್ಕೂ ಕಾಯುವುದು ಲಯ ಕೆಡಿಸುತ್ತದೆ. ಹಾಗಾಗಿ ನನ್ನ ಒಲವು ಹೆಬ್ಬೆರಳ ಶಿಫ್ಟಿಗೇ.

ಬದಲಿಸುವಾಗ ಒಂದೊಂದಾಗಿ ಬದಲಿಸಿ. ಮೊದಲು ಶಿಫ್ಟ್. ಅದು ಕೈಗೆ ಕೂತ ಮೇಲೆ ಳಕಾರ ಮತ್ತು ದೀರ್ಘ, ಕೊನೆಗೆ ಒತ್ತು. ಕೆಲಸದ ಗಡಿಬಿಡಿಯ ವಾರದಲ್ಲಿ ಶುರು ಮಾಡಬೇಡಿ. ಬೆರಳು ಜುಮ್ಮೆನ್ನುವುದು, ರಾತ್ರಿ ಕೈ ಮರಗಟ್ಟುವುದು ಇದ್ದರೆ ಕೀಲಿಮಣೆ ಬದಲಿಸುವುದಕ್ಕಿಂತ ಮೊದಲು ವೈದ್ಯರಿಗೆ ತೋರಿಸಿ.

ಸ್ವಂತ ಕಂಪ್ಯೂಟರ್, ಸ್ವಂತ ಕೀಬೋರ್ಡ್ ಇರುವವರು ಹೀಗೆ ತಮ್ಮ ದಾರಿ ಹುಡುಕಿಕೊಳ್ಳಬಹುದು. ನಾಡಕಚೇರಿಯಲ್ಲಿ, ನೋಂದಣಿ ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಕೊಟ್ಟ ಯಂತ್ರದ ಮೇಲೆ ಕೂತು ದಿನವಿಡೀ ಕನ್ನಡ ಕುಟ್ಟುವವರಿಗೆ ಆ ಸ್ವಾತಂತ್ರ್ಯವಿಲ್ಲ. ರಾಜ್ಯದ ಆಡಳಿತ ಕನ್ನಡದಲ್ಲಿ ನಡೆಯುತ್ತಿರುವುದು ಅವರ ಬೆರಳುಗಳ ಮೇಲೆ. ಅವರಿಗಾಗಿ ಹೊಸ ಕೀಲಿಮಣೆ, ಹೊಸ ಶಿಷ್ಟತೆ, ಹೊಸ ಪರೀಕ್ಷೆ ಯಾವುದೂ ಬೇಡ. ಸರ್ಕಾರಿ ಕಚೇರಿಗಳಲ್ಲಿ ಬಳಸುವ ಕನ್ನಡ ತಂತ್ರಾಂಶದ ಸೆಟ್ಟಿಂಗಿನಲ್ಲಿ ಎರಡು ಆಯ್ಕೆ ಸೇರಿಸಲಿ: ಸ್ಪೇಸ್ ಒತ್ತಿ ಹಿಡಿದರೆ ಶಿಫ್ಟ್, ಅರ್ಧವಿರಾಮದ ಕೀಗೆ ಳ. ಬೇಕಾದವರು ಟಿಕ್ ಮಾಡಿಕೊಳ್ಳುತ್ತಾರೆ, ಬೇಡದವರು ಹಾಗೇ ಬಿಡುತ್ತಾರೆ.